ಕಟ್ಟಿನ ಹೊರಗೆ ಕಾಣುವ ಬೆರಳು

ಕಾಲಿನ ಮೂಳೆ ಮುರಿದು, ಆಸ್ಪತ್ರೆ ಸೇರಿ, ಶಸ್ತ್ರಚಿಕಿತ್ಸೆಯೂ ಮುಗಿದು, ರೋಗಿಯನ್ನು ಗಾಲಿಮಂಚದ ಮೇಲೆ ತಂದು ವಾರ್ಡಿನಲ್ಲಿ ಮಲಗಿಸಿದಾಗ ಮನೆಯವರು ಕೇಳುವ ಮೊದಲನೆಯ ಪ್ರಶ್ನೆ ಒಂದೇ: “ಎಲ್ಲಾ ಮುಗಿಯಿತಲ್ಲ, ಸಿಸ್ಟರ್?”

ಅವರ ಮುಖದ ಮೇಲೆ ಆಗತಾನೆ ಮೂಡಿದ ನೆಮ್ಮದಿಯನ್ನು ಕಂಡಾಗ “ಹೌದು, ಮುಗಿಯಿತು” ಎಂದುಬಿಡಬೇಕೆಂದು ಆಸೆಯಾಗುತ್ತದೆ. ಆದರೆ ಶಸ್ತ್ರವೈದ್ಯರ ಕೆಲಸ ಮುಗಿಯುವಲ್ಲಿ ದಾದಿಯ ಕೆಲಸ ಮೊದಲಾಗುತ್ತದೆ. ದಾದಿಯ ಕೆಲಸ ಮುಗಿಯುವಲ್ಲಿ ಮನೆಯವರದು ಮೊದಲಾಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಮೂಳೆಯ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜ. ಮುರಿಯುವುದು ಒಂದು ಕ್ಷಣದಲ್ಲಿ. ಕೂಡುವುದಕ್ಕೆ ದೊಡ್ಡವರ ತೊಡೆಮೂಳೆಗಾಗಲಿ ಮೊಳಕಾಲಿನ ಕೆಳಗಿನ ಮೂಳೆಗಾಗಲಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಈ ದೀರ್ಘ ಕಾಲದಲ್ಲಿ ಮೊದಲನೆಯ ಎರಡು ಮೂರು ದಿನಗಳೇ ಎಲ್ಲಕ್ಕಿಂತ ನಾಜೂಕಾದವು. ಆ ದಿನಗಳಲ್ಲಿ ನಾವು ದಾದಿಯರು ಏನನ್ನು ನೋಡುತ್ತೇವೆ, ಏಕೆ ನೋಡುತ್ತೇವೆ, ಹಾಸಿಗೆಯ ಪಕ್ಕದಲ್ಲಿ ಕುಳಿತ ನೀವು ಏನನ್ನು ನೋಡಬಹುದು ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಮಾತುಗಳ ಉದ್ದೇಶ.

ನಾನು ಕೆಲಸ ಮಾಡುವುದು ಬೆಂಗಳೂರಿನ ಉತ್ತರ ಭಾಗದಲ್ಲಿ. ಒಂದು ಕಾಲದಲ್ಲಿ ಯಲಹಂಕದಲ್ಲೋ ಹೆಬ್ಬಾಳದಲ್ಲೋ ಕಾಲು ಮುರಿದರೆ ಎತ್ತಿನ ಗಾಡಿಯನ್ನೋ ಬಸ್ಸನ್ನೋ ಹಿಡಿದು, 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆಯವರೆಗೆ ಹೋಗಬೇಕಾಗಿತ್ತು. ಹೆಬ್ಬಾಳದಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆ ಆರಂಭವಾದದ್ದು 1973ರಲ್ಲಿ. ಅಲ್ಲಿಂದೀಚೆಗೆ ಈ ಕಡೆ ಆಸ್ಪತ್ರೆಗಳೂ ಹೆಚ್ಚಿದವು, ಮೂಳೆ ಮುರಿಯುವ ಸಂದರ್ಭಗಳೂ ಹೆಚ್ಚಿದವು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವಾದ ಮೇಲೆ ಬಳ್ಳಾರಿ ರಸ್ತೆಯ ವೇಗವನ್ನು ನೀವು ಕಂಡಿದ್ದೀರಿ. ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ತುಮಕೂರು ರಸ್ತೆಯ ಸ್ಕೂಟರ್ ಸವಾರರು, ಆರ್.ಟಿ. ನಗರದ ಮನೆಗಳ ಬಚ್ಚಲಿನಲ್ಲಿ ಜಾರಿದ ಅಜ್ಜಿಯರು—ನಮ್ಮ ವಾರ್ಡಿನ ಹಾಸಿಗೆಗಳಲ್ಲಿ ಇವರೆಲ್ಲ ಅಕ್ಕಪಕ್ಕದಲ್ಲಿ ಮಲಗಿರುತ್ತಾರೆ.

ಮೊದಲನೆಯ ಮಾತು: ನಾವು ಮೊದಲು ನೋಡುವುದು ಕಾಲನ್ನಲ್ಲ, ಮನುಷ್ಯನನ್ನು. ಉಸಿರು ಸರಾಗವಾಗಿದೆಯೇ? ಕೂಗಿದರೆ ಕಣ್ಣು ಬಿಡುತ್ತಾರೆಯೇ? ನಾಡಿ ಎಷ್ಟು, ರಕ್ತದೊತ್ತಡ ಎಷ್ಟು, ಮೈ ಬಿಸಿಯೋ ತಣ್ಣಗೋ? ಬೆರಳಿಗೆ ಚಿಮುಟದಂಥ ಚಿಕ್ಕ ಉಪಕರಣವನ್ನು ಸಿಕ್ಕಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ನೋಡುತ್ತೇವೆ. ಮೊದಲ ಗಂಟೆಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ—ಹೀಗೆ ಸಾಮಾನ್ಯವಾಗಿ ನಡೆಯುತ್ತದೆ ಈ ಪರೀಕ್ಷೆ. “ಈಗ ತಾನೆ ನೋಡಿ ಹೋದರಲ್ಲ, ಮತ್ತೆ ಏಕೆ ಎಬ್ಬಿಸುತ್ತೀರಿ?” ಎಂದು ಮನೆಯವರು ಬೇಸರಿಸುವುದುಂಟು. ಒಂದು ಸಲದ ಎಣಿಕೆ ನಮಗೆ ಹೆಚ್ಚೇನೂ ಹೇಳುವುದಿಲ್ಲ. ನಾಡಿ ಎಂಬತ್ತಿದ್ದದ್ದು ತೊಂಬತ್ತಾಯಿತು, ತೊಂಬತ್ತಿದ್ದದ್ದು ನೂರಹತ್ತಾಯಿತು ಎಂಬ ಏರಿಕೆ ಹೇಳುತ್ತದೆ. ತೊಡೆಯ ಮೂಳೆ ಮುರಿದಾಗ ತೊಡೆಯೊಳಗೇ ಒಂದು ಲೀಟರಿಗೂ ಮೇಲ್ಪಟ್ಟು ರಕ್ತ ಸೇರಿಕೊಳ್ಳಬಹುದು. ಹೊರಗೆ ಒಂದು ಹನಿಯೂ ಕಾಣದಿರಬಹುದು. ನಾಡಿ ಓಡತೊಡಗುವುದು, ಮೈ ತಣ್ಣಗೆ ಬೆವರುವುದು, ಮೂತ್ರ ಕಡಿಮೆಯಾಗುವುದು, ರೋಗಿ ಚಡಪಡಿಸುವುದು—ಕಾಣದ ರಕ್ತಸ್ರಾವದ ಸುದ್ದಿಯನ್ನು ತರುವ ದೂತರು ಇವರು.

ಎರಡನೆಯದು ಕಟ್ಟು. ಕಟ್ಟಿನ ಮೇಲೆ ಕೆಂಪು ಕಲೆ ಕಂಡರೆ ಅದರ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯುತ್ತೇವೆ. ಗಂಟೆ ಕಳೆದ ಮೇಲೆ ಕಲೆ ಗೆರೆಯನ್ನು ದಾಟಿದೆಯೇ ಎಂಬುದನ್ನು ಯಾರು ಬೇಕಾದರೂ ನೋಡಿ ಹೇಳಬಹುದು. ಇಲ್ಲಿ ಹೊಸ ದಾದಿಯರು ಕೂಡ ತಪ್ಪುವ ಒಂದು ಸಂಗತಿಯುಂಟು. ನೀರಿನಂತೆ ರಕ್ತವೂ ತಗ್ಗಿಗೆ ಹರಿಯುತ್ತದೆ. ಮೇಲುಗಡೆ ಕಟ್ಟು ಬಿಳಿಯಾಗಿದ್ದು ಕೆಳಗೆ ಹಾಸಿಗೆ ನೆನೆದಿರಬಹುದು. ಆದ್ದರಿಂದ ಕಾಲಿನ ಅಡಿಗೆ ಕೈ ಹಾಕಿ ನೋಡದೆ ಕಟ್ಟು ಒಣಗಿದೆ ಎಂದು ಹೇಳುವಂತಿಲ್ಲ.

ಇನ್ನು ಮೂರನೆಯದು, ಈ ಬರೆಹಕ್ಕೆ ಹೆಸರು ಕೊಟ್ಟದ್ದು: ಕಟ್ಟಿನ ಹೊರಗೆ ಕಾಣುವ ಬೆರಳುಗಳು. ಪಟ್ಟಿ ಸುತ್ತುವಾಗ ಬೆರಳುಗಳನ್ನು ಹೊರಗೆ ಬಿಡುವುದು ಅಂದಕ್ಕಾಗಿ ಅಲ್ಲ. ಒಳಗಿನ ಮನೆಯ ಸಮಾಚಾರ ತಿಳಿಯುವುದಕ್ಕೆ ಅವು ಕಿಟಕಿಗಳು. ಆ ಕಿಟಕಿಯಲ್ಲಿ ನಾವು ಕೇಳುವ ಪ್ರಶ್ನೆಗಳು ಹೀಗಿವೆ. ಬೆರಳುಗಳ ಬಣ್ಣ ಇನ್ನೊಂದು ಕಾಲಿನ ಬೆರಳುಗಳಂತೆಯೇ ಇದೆಯೇ? ಬೆಚ್ಚಗಿವೆಯೇ? ಉಗುರನ್ನು ಒತ್ತಿ ಬಿಳಿಚಿಕೊಂಡ ಮೇಲೆ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ? ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಣ ಸಂದಿಯಲ್ಲಿ ಮೆಲ್ಲನೆ ಮುಟ್ಟಿದರೆ ತಿಳಿಯುತ್ತದೆಯೇ? ಅಂಗಾಲಿನಲ್ಲಿ ಮುಟ್ಟಿದರೆ? ಪಾದವನ್ನು ತನ್ನ ಮುಖದ ಕಡೆಗೆ ಎತ್ತಬಲ್ಲರೇ, ಕೆಳಕ್ಕೆ ತಳ್ಳಬಲ್ಲರೇ? ಪಾದದ ಮೇಲ್ಭಾಗದಲ್ಲಿ ನಾಡಿಯ ಬಡಿತ ಸಿಗುತ್ತದೆಯೇ?

ಇಷ್ಟನ್ನೂ ಎರಡು ಕಾಲುಗಳಲ್ಲೂ ನೋಡಬೇಕು. ಪೆಟ್ಟಾಗದ ಕಾಲೇ ನಮ್ಮ ಅಳತೆಗೋಲು. ಒಬ್ಬರ ಪಾದ ಹುಟ್ಟಾ ತಣ್ಣಗಿರಬಹುದು. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಮೊದಲೇ ಕುಂದಿರಬಹುದು. ಹೋಲಿಸದೆ ನೋಡಿದರೆ ನೋಡಿದಂತಾಗದು. ಬೆನ್ನಿಗೆ ಚುಚ್ಚಿ ಅರಿವಳಿಕೆ ಕೊಟ್ಟಿದ್ದರೆ ಕೆಲವು ಗಂಟೆ ಎರಡು ಕಾಲುಗಳೂ ಮರಗಟ್ಟಿರುತ್ತವೆ. ಆಗ ನೋವಿಲ್ಲವೆಂಬುದು ಶುಭವಾರ್ತೆಯಲ್ಲ. ಸುದ್ದಿ ಬರುವ ತಂತಿಯೇ ತಾತ್ಕಾಲಿಕವಾಗಿ ಕಡಿದಿದೆ ಎಂದಷ್ಟೇ ಅರ್ಥ. ಆ ಹೊತ್ತಿನಲ್ಲಿ ಕಣ್ಣಿಗೂ ಕೈಗೂ ಕೆಲಸ ಹೆಚ್ಚು.

ಈಗ ಒಂದು ರಾತ್ರಿಯ ಸಂಗತಿಯನ್ನು ಹೇಳುತ್ತೇನೆ. ನನ್ನ ತಪ್ಪೂ ಅದರಲ್ಲಿ ಸೇರಿದೆಯಾದ್ದರಿಂದ ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ಹುಡುಗ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಲಾರಿಯಿಂದ ಉರುಳಿದ ಮೂಟೆಗಳ ಕೆಳಗೆ ಸಿಕ್ಕು ಮೊಳಕಾಲಿನ ಕೆಳಗೆ ಮೂಳೆ ಮುರಿದಿತ್ತು. ಮಧ್ಯಾಹ್ನ ಮೂಳೆಯೊಳಗೆ ಸರಳು ಹಾಕಿ ಕೂಡಿಸಿದ್ದರು. ರಾತ್ರಿ ಹತ್ತೂವರೆಗೆ ಅವನ ತಾಯಿ ನನ್ನ ಮೇಜಿನ ಬಳಿಗೆ ಬಂದರು. “ಸಿಸ್ಟರಮ್ಮಾ, ನನ್ ಮಗ ನೋವು ಅಂತವ್ನೆ.” ನಾನು ಕಾಗದ ನೋಡಿದೆ, ನೋವಿನ ಔಷಧಿ ಕೊಟ್ಟು ಇನ್ನೂ ಒಂದು ಗಂಟೆಯಾಗಿರಲಿಲ್ಲ. “ಆಪರೇಷನ್ ಆದ ಮೇಲೆ ನೋವು ಇದ್ದೇ ಇರುತ್ತದಮ್ಮ, ಸ್ವಲ್ಪ ತಾಳಿಕೊಳ್ಳಲಿ” ಎಂದೆ. ಆ ರಾತ್ರಿ ವಾರ್ಡು ತುಂಬಿತ್ತು. ಆದರೆ ಅದು ಕಾರಣವೇ ಹೊರತು ಸಮರ್ಥನೆಯಲ್ಲ.

ಆಕೆ ಹೋದರು. ಇಪ್ಪತ್ತು ನಿಮಿಷಕ್ಕೆ ಮತ್ತೆ ಬಂದರು. ಈ ಸಲ ಮೆಲ್ಲಗೆ, ಆದರೆ ಜಾಗ ಬಿಡದೆ ನಿಂತು ಹೇಳಿದರು: “ನನ್ ಮಗ ಕ್ವಿಂಟಾಲ್ ಮೂಟೆ ಹೊರೋನು ಕಣಮ್ಮ. ಕಾಲು ಮುರ್ದಾಗ್ಲೂ ಅತ್ತಿಲ್ಲ. ಈಗ ಅಳ್ತವ್ನೆ. ಒಂದ್ಸಲ ಬಂದು ನೋಡು.”

ಹೋಗಿ ನೋಡಿದೆ. ಬೆರಳುಗಳು ಬೆಚ್ಚಗಿದ್ದವು. ಬಣ್ಣ ಚೆನ್ನಾಗಿತ್ತು. ಪಾದದ ನಾಡಿಯೂ ಬೆರಳಿಗೆ ಸಿಕ್ಕಿತು. ಅಷ್ಟಕ್ಕೆ ಸಮಾಧಾನಪಟ್ಟು ಹಿಂತಿರುಗಿದ್ದರೆ ಆ ಹುಡುಗನ ಕಾಲಿನ ಕಥೆ ಬೇರೆಯಾಗುತ್ತಿತ್ತು. ಅವನ ಹೆಬ್ಬೆರಳನ್ನು ಹಿಡಿದು ಮೆಲ್ಲನೆ ಕೆಳಕ್ಕೆ ಬಾಗಿಸಿದೆ. ಅವನು ಕೂಗಿದ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. ಬೆರಳ ಸಂದಿಯಲ್ಲಿ ಮುಟ್ಟಿದರೆ “ಜುಮ್ ಅನ್ನುತ್ತೆ, ಸರಿಯಾಗಿ ಗೊತ್ತಾಗಲ್ಲ” ಎಂದ. ಕಟ್ಟಿನ ಮೇಲೆ ಬೆಟ್ಟೊತ್ತಿದರೆ ಒಳಗಿನ ಮಾಂಸ ಹಲಗೆಯಂತೆ ಬಿಗಿದಿತ್ತು.

ಏನಾಗಿತ್ತು? ನಮ್ಮ ಮೊಳಕಾಲಿನ ಕೆಳಗಿನ ಭಾಗದಲ್ಲಿ ಸ್ನಾಯುಗಳು ನಾಲ್ಕು ಚೀಲಗಳಲ್ಲಿ ತುಂಬಿಟ್ಟಂತೆ ಇವೆ. ಆ ಚೀಲದ ಬಟ್ಟೆ ಬಹಳ ಗಟ್ಟಿ, ಹಿಗ್ಗುವುದಿಲ್ಲ. ಪೆಟ್ಟಿನಿಂದ ಒಳಗೆ ರಕ್ತ ಸೇರಿ, ಸ್ನಾಯು ಊದಿಕೊಂಡರೆ, ಊತಕ್ಕೆ ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಕೂದಲೆಳೆಯಷ್ಟು ಸಣ್ಣ ರಕ್ತನಾಳಗಳು ಮೊದಲು ಅಮುಕಿಕೊಂಡು ಮುಚ್ಚುತ್ತವೆ. ದೊಡ್ಡ ನಾಳ ಇನ್ನೂ ಬಡಿಯುತ್ತಲೇ ಇರುತ್ತದೆ. ಆದ್ದರಿಂದಲೇ ಪಾದದ ನಾಡಿ ಸಿಕ್ಕಿತೆಂದು ಮೋಸಹೋಗಬಾರದು. ನಾಡಿ ನಿಲ್ಲುವವರೆಗೆ, ಬೆರಳು ಬಿಳಿಚುವವರೆಗೆ ಕಾಯುವುದೆಂದರೆ ಮನೆ ಉರಿದ ಮೇಲೆ ಬಾವಿ ತೋಡುವುದು. ರಕ್ತ ತಪ್ಪಿದ ಸ್ನಾಯು ಆರೆಂಟು ಗಂಟೆಗಳಲ್ಲಿ ಮರಳಿ ಬಾರದಂತೆ ಸಾಯತೊಡಗುತ್ತದೆ. ಹೀಗೆ ರಕ್ತ ತಪ್ಪಿದ ಸ್ನಾಯು ಸತ್ತು ಕುಗ್ಗಿ ಕೈಕಾಲು ಸೊಟ್ಟಗಾಗುವುದನ್ನು ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮಾನ್ 1881ರಲ್ಲೇ ವಿವರಿಸಿದ್ದ. ಬಿಗಿಯಾದ ಕಟ್ಟಿನತ್ತ ಅವನು ಬೆರಳು ತೋರಿದ್ದ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎಂದು ಹೆಸರು. ಹೆಸರು ಮರೆತರೂ ಚಿಂತೆಯಿಲ್ಲ, ಗುರುತು ಮರೆಯಬೇಡಿ. ಪೆಟ್ಟಿಗೆ ಮೀರಿದ ನೋವು, ಔಷಧಿಗೆ ಬಗ್ಗದ ನೋವು, ಬೆರಳನ್ನು ಇನ್ನೊಬ್ಬರು ಆಡಿಸಿದರೆ ಸಹಿಸಲಾಗದ ನೋವು.

ನಾನು ವೈದ್ಯರಿಗೆ ಫೋನು ಮಾಡಿದೆ. ಅವರು ಹೇಳಿದಂತೆ ಕಟ್ಟನ್ನು ಚರ್ಮದವರೆಗೂ ಸಡಿಲಿಸಿದೆ. ಊತಕ್ಕೆ ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು ವಾಡಿಕೆ. ಈ ಒಂದು ಅನುಮಾನ ಬಂದಾಗ ಮಾತ್ರ ಹಾಗೆ ಮಾಡದೆ ಕಾಲನ್ನು ಎದೆಯ ಮಟ್ಟಕ್ಕೇ ಇಡಬೇಕು, ಏಕೆಂದರೆ ಎತ್ತಿದಷ್ಟೂ ಒಳಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಮಧ್ಯರಾತ್ರಿಗೆ ಮೊದಲೇ ಅವನನ್ನು ಮತ್ತೆ ಶಸ್ತ್ರಶಾಲೆಗೆ ಒಯ್ದು, ಬಿಗಿದ ಚೀಲಗಳನ್ನು ಕೊಯ್ದು ಬಿಡಿಸಿದರು. ಕಾಲು ಉಳಿಯಿತು. ಕೆಲವು ತಿಂಗಳ ಮೇಲೆ ಅವನು ನಡೆದುಕೊಂಡು ವಾರ್ಡಿಗೆ ಬಂದಿದ್ದ. ನಾನು ನಮಸ್ಕಾರ ಮಾಡಿದ್ದು ಅವನ ತಾಯಿಗೆ.

ತಾಳಿದವನು ಬಾಳಿಯಾನು ಎಂಬುದು ನಮ್ಮ ಹಿರಿಯರ ಗಾದೆ. ಬದುಕಿನಲ್ಲಿ ಅದು ದೊಡ್ಡ ಮಾತು. ಆದರೆ ಮೂಳೆಯ ಶಸ್ತ್ರಚಿಕಿತ್ಸೆಯಾದ ರಾತ್ರಿಗೆ ಅದು ಸಲ್ಲದು. ನೋವನ್ನು ನುಂಗಿಕೊಳ್ಳುವ ಗಂಡಸರು, “ಯಾರಿಗೂ ತೊಂದರೆ ಕೊಡಬಾರದು” ಎಂದು ಸುಮ್ಮನಿರುವ ಹೆಂಗಸರು ನಮ್ಮಲ್ಲಿ ಬಹಳ. ಆದ್ದರಿಂದಲೇ ನಾವು “ಸೊನ್ನೆಯೆಂದರೆ ನೋವಿಲ್ಲ, ಹತ್ತೆಂದರೆ ತಡೆಯಲಾರದ್ದು, ನಿಮ್ಮದು ಎಷ್ಟು?” ಎಂದು ಕೇಳುವುದು. ಇದು ಮಕ್ಕಳಾಟವಲ್ಲ. ರೋಗಿ ಹೇಳಿದ್ದೇ ನೋವಿನ ಅಳತೆ. ಹೊರಗೆ ನಿಂತವರ ಊಹೆಯಲ್ಲ. ಮಾತಿನಲ್ಲಿ ಹೇಳಲಾಗದ ಮುದುಕರಲ್ಲಿ ಹುಬ್ಬು ಗಂಟಿಕ್ಕುವುದು, ಹಲ್ಲು ಕಚ್ಚುವುದು, ಊಟ ಒಲ್ಲೆನೆನ್ನುವುದು—ಇವೇ ಉತ್ತರ.

ಇದೇ ನಿಯಮ ಯಾವ ಕಟ್ಟಿಗೂ ಸಲ್ಲುತ್ತದೆ. ನಮ್ಮ ರಸ್ತೆಗಳಲ್ಲಿ ನಾಟಿ ಕಟ್ಟಿನ ಹಲಗೆಗಳನ್ನು ನೀವು ಕಂಡಿದ್ದೀರಿ. ಅಲ್ಲಿಗೆ ಹೋಗುವವರೂ ಅನೇಕರು. ಕಟ್ಟಿದವರು ಯಾರೇ ಆಗಲಿ, ಬಿದಿರ ದಬ್ಬೆಯಿರಲಿ, ಆಸ್ಪತ್ರೆಯ ಪ್ಲಾಸ್ಟರಿರಲಿ, ಬೆರಳು ಊದಿ, ನೀಲಿಯಾಗಿ, ಮರಗಟ್ಟಿದರೆ ಬೆಳಗಾಗಲೆಂದು ಕಾಯಬೇಡಿ. ಹೊತ್ತು ಮೀರಿದ ಮೇಲೆ ಬಂದ ಕಾಲನ್ನು ಉಳಿಸಲು ಯಾವ ವೈದ್ಯರ ಕೈಯಲ್ಲೂ ಆಗುವುದಿಲ್ಲ.

ನರದ ಬಗೆಗೂ ಒಂದು ಮಾತು. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಗುಂಡನೆಯ ಮೂಳೆ ಕೈಗೆ ಸಿಗುತ್ತದೆ. ಪಾದವನ್ನು ಮೇಲೆತ್ತುವ ನರ ಅದರ ಪಕ್ಕದಲ್ಲೇ, ಚರ್ಮದ ಅಡಿಯಲ್ಲೇ ಹಾದುಹೋಗುತ್ತದೆ. ಕಾಲು ಹೊರಕ್ಕೆ ಹೊರಳಿ ಆ ಜಾಗ ಮಂಚದ ಕಂಬಿಗೆ ಗಂಟೆಗಟ್ಟಲೆ ಒತ್ತಿದರೂ ಸಾಕು, ಪಾದ ಜೋತುಬೀಳಬಹುದು. ಕಾಲು ನೆಟ್ಟಗಿರುವಂತೆ ಪಕ್ಕದಲ್ಲೊಂದು ಮಡಿಸಿದ ಹೊದಿಕೆಯನ್ನಿಡುವುದು ಎಷ್ಟು ಸಣ್ಣ ಉಪಚಾರ. ತಪ್ಪಿಸುವುದು ಎಷ್ಟು ದೊಡ್ಡ ಕಷ್ಟ!

ಮುಂದಿನ ಭಯ ಉಸಿರಿನದು. ಉದ್ದ ಮೂಳೆಗಳೊಳಗಿನ ಕೊಬ್ಬಿನ ಕಣಗಳು ರಕ್ತದಲ್ಲಿ ಸೇರಿ ಶ್ವಾಸಕೋಶವನ್ನೂ ಮಿದುಳನ್ನೂ ಬಾಧಿಸುವುದುಂಟು. ಪೆಟ್ಟಾದ ಒಂದರಿಂದ ಮೂರು ದಿನಗಳಲ್ಲಿ ರೋಗಿ ಏದುಸಿರುಬಿಟ್ಟರೆ, ಅಸಂಬದ್ಧವಾಗಿ ಮಾತಾಡಿದರೆ, ಎದೆ-ಕಂಕುಳ ಬಳಿ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು ಕಂಡರೆ ತಕ್ಷಣ ಹೇಳಬೇಕು. ಇನ್ನೊಂದು, ಅಲುಗಾಡದೆ ಮಲಗಿದವರ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತದೆ. ಪೆಟ್ಟಾಗದ ಕಾಲಿನಲ್ಲೂ ಹೀಗಾಗಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಊದಿದ ಮೀನಖಂಡಕ್ಕೆ ಎಣ್ಣೆ ಹಚ್ಚಿ ತಿಕ್ಕುವ ಉಪಚಾರವನ್ನು ದಯವಿಟ್ಟು ಮಾಡಬೇಡಿ. ವೈದ್ಯರು ಬೇಡವೆನ್ನದಿದ್ದರೆ, ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದೇ ಒಳ್ಳೆಯ ಮದ್ದು. ರಕ್ತ ತಿಳಿಯಾಗಿಸುವ ಔಷಧಿಯನ್ನು ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನ ತಪ್ಪಿಸಬಾರದು.

ದೊಡ್ಡ ಅಪಾಯಗಳ ಮಾತಿನಲ್ಲಿ ಸಣ್ಣವನ್ನು ಮರೆಯಬಾರದು. ಮೂತ್ರ ಹೋಗಿದೆಯೇ? ಬೆನ್ನಿನ ಅರಿವಳಿಕೆಯಾದ ಮೇಲೆ ಮೂತ್ರ ಕಟ್ಟಿಕೊಂಡು, ಬೇರೆಯವರ ಮುಂದೆ ಹೇಳಲು ನಾಚಿ ಒದ್ದಾಡುವವರಿದ್ದಾರೆ. ಮಲಬದ್ಧತೆ ಇದೆಯೇ? ಹಿಮ್ಮಡಿ ಹಾಸಿಗೆಗೆ ಒತ್ತಿ ಕೆಂಪಾಗಿದೆಯೇ? ಹಿಮ್ಮಡಿಯಲ್ಲೂ ಬೆನ್ನಿನ ಕೆಳಗೂ ಒತ್ತಡದ ಹುಣ್ಣು ಒಂದೇ ದಿನದಲ್ಲಿ ಆರಂಭವಾಗಬಲ್ಲುದು. ಮಾಯಲು ತಿಂಗಳುಗಳೇ ಬೇಕು.

ಮುದುಕರ ವಿಷಯದಲ್ಲಿ ಇನ್ನೊಂದು. ಹಗಲೆಲ್ಲ ಚೆನ್ನಾಗಿ ಮಾತಾಡುತ್ತಿದ್ದ ಅಜ್ಜಿ, ಸೊಂಟದ ಬಳಿ ತೊಡೆಮೂಳೆಗೆ ಶಸ್ತ್ರಚಿಕಿತ್ಸೆಯಾದ ಮರುರಾತ್ರಿ ಮಗನ ಗುರುತು ಹಿಡಿಯದೆ, ಸತ್ತ ತಂಗಿಯನ್ನು ಕರೆಯುತ್ತ ಎದ್ದು ಹೊರಡುತ್ತಾರೆ. ಮನೆಯವರು ಹೌಹಾರುತ್ತಾರೆ. ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಇದರ ಹಿಂದೆ ನೋವೋ ಸೋಂಕೋ ಆಮ್ಲಜನಕದ ಕೊರತೆಯೋ ಕಟ್ಟಿದ ಮೂತ್ರವೋ ಇರಬಹುದು. ಅದನ್ನು ಹುಡುಕುವುದು ನಮ್ಮ ಕೆಲಸ. ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಮನೆಯಲ್ಲಿ ಬಿಡದೆ ತರುವುದು, ಮಂದ ದೀಪ ಇಡುವುದು, ಕೈ ಹಿಡಿದು “ಅಮ್ಮ, ನಾನು, ಇದು ಆಸ್ಪತ್ರೆ” ಎಂದು ಮೆಲ್ಲನೆ ಹೇಳುತ್ತಿರುವುದು ನಿಮ್ಮ ಕೆಲಸ.

ಪಥ್ಯದ ಮಾತಿಗೆ ಬಂದರೆ, ನಮ್ಮ ಮನೆಗಳಲ್ಲಿ ಕಾಲು ಮುರಿದವರಿಗೆ ಬದನೆಕಾಯಿ ನಂಜು, ಮೊಟ್ಟೆ ನಂಜು, ಬೇಳೆ ವಾಯು ಎಂದು ಕೊನೆಗೆ ತಿಳಿಸಾರು ಅನ್ನವೊಂದೇ ಉಳಿಯುತ್ತದೆ. ಗಾಯ ಮಾಯುವುದಕ್ಕೂ ಮೂಳೆ ಬೆಸೆಯುವುದಕ್ಕೂ ಸಾಮಗ್ರಿ ಬೇಡವೇ? ರಾಗಿಮುದ್ದೆ, ಸೊಪ್ಪಿನ ಹುಳಿ, ಕಾಳು, ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು—ಇವೇ ಆ ಸಾಮಗ್ರಿ. ಸಕ್ಕರೆ ಕಾಯಿಲೆಯವರು ಅಳತೆಯನ್ನು ಕೇಳಿಕೊಳ್ಳಲಿ. ನಿಜವಾಗಿ ಬಿಡಬೇಕಾದ ಪಥ್ಯ ಬೀಡಿ ಸಿಗರೇಟಿನದು. ಹೊಗೆ ಸೇದುವವರ ಮೂಳೆ ತಡವಾಗಿ ಕೂಡುತ್ತದೆ.

ಕೊನೆಗೆ, ರೋಗಿಯ ಕಾಲನ್ನು ನೋಡಿ ಮುಗಿಸಿದ ಮೇಲೆ ನಾವು ಅವರ ಮನೆಯನ್ನೂ ಕೇಳಿ ತಿಳಿಯಬೇಕು. ಮನೆ ಎಷ್ಟನೆಯ ಮಹಡಿಯಲ್ಲಿದೆ? ಲಿಫ್ಟ್ ಇದೆಯೇ? ಪಾಯಿಖಾನೆ ಕುಕ್ಕರುಗಾಲಿನದೋ ಕುರ್ಚಿಯಂಥದೋ? ಬಚ್ಚಲಿನ ನೆಲ ಜಾರುತ್ತದೆಯೇ? ಹಗಲು ಜೊತೆಗಿರುವವರು ಯಾರು? ದುಡಿಯುವ ಕೈ ಇವರೊಬ್ಬರದೇ ಏನು? ಮೂರು ತಿಂಗಳು ಕೂಲಿಯಿಲ್ಲದ ಮನೆಯ ಯಜಮಾನ ಆರನೆಯ ವಾರಕ್ಕೇ ಊರುಗೋಲನ್ನು ಮೂಲೆಗಿಟ್ಟು ಮೂಟೆಗೆ ಕೈ ಹಾಕುತ್ತಾನೆ. ಒಳಗಿನ ಸರಳು ಮುರಿಯುವುದು ಹೀಗೆ. ಅವನನ್ನು ಬೈದು ಫಲವಿಲ್ಲ. ಕಾಲಿನ ಮೇಲೆ ಎಷ್ಟು ಭಾರ, ಯಾವ ದಿನದಿಂದ ಎಂಬುದನ್ನು ವೈದ್ಯರಿಂದ ಬರೆಸಿಕೊಟ್ಟು, ಅವನಿಗೂ ಮನೆಯಾಕೆಗೂ ಕೂಡಿಸಿ ತಿಳಿಹೇಳಬೇಕು.

ಮನೆಗೆ ಹೊರಡುವಾಗ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡಿಯ ಪಕ್ಕದಲ್ಲಿ ಅಂಟಿಸಿಕೊಳ್ಳಿ. ಜ್ವರ, ಗಾಯದಿಂದ ಕೀವು ಅಥವಾ ವಾಸನೆ, ದಿನದಿನಕ್ಕೆ ಕಡಿಮೆಯಾಗುವ ಬದಲು ಏರುವ ನೋವು, ನೀಲಿಯಾದ ಅಥವಾ ಮರಗಟ್ಟಿದ ಬೆರಳು, ಊದಿದ ಮೀನಖಂಡ—ಕಂಡ ದಿನವೇ ಆಸ್ಪತ್ರೆಗೆ. ಹಠಾತ್ತನೆ ಏದುಸಿರು, ಎದೆನೋವು—ಕಂಡ ಕ್ಷಣವೇ 108ಕ್ಕೆ ಕರೆ.

ದಾದಿಗೆ ಹತ್ತು ಹಾಸಿಗೆ. ತಾಯಿಗೆ ಒಂದೇ ಹಾಸಿಗೆ. ನಮ್ಮ ಕೈಯಲ್ಲಿ ಕಲಿತ ವಿದ್ಯೆಯಿದೆ. ನಿಮ್ಮಲ್ಲಿ ಆ ಮನುಷ್ಯನ ಪರಿಚಯವಿದೆ. ಇವನು ಸುಮ್ಮನೆ ಅಳುವವನಲ್ಲ ಎಂಬುದು ಯಾವ ಉಪಕರಣಕ್ಕೂ ತಿಳಿಯದು, ನಿಮಗೆ ತಿಳಿದಿದೆ. ಒಂದು ಸಲ ಕೇಳಿ ದಾದಿ ಬಾರದಿದ್ದರೆ ಸಂಕೋಚಪಡದೆ ಎರಡನೆಯ ಸಲ ಬನ್ನಿ. ಅಂದು ಆ ತಾಯಿ ಎರಡನೆಯ ಸಲ ಬಂದದ್ದರಿಂದಲೇ ಒಂದು ಕಾಲು ಉಳಿಯಿತು, ನನ್ನ ಮನಸ್ಸೂ ಉಳಿಯಿತು.